ಸಾಲಿನಲ್ಲಿ ಅವಳ ಜಾಗ

ತೆಪ್ಪಕಾಡಿನ ಆನೆ ಶಿಬಿರದಲ್ಲಿ ಆನೆಗಳಿಗೆ ರಾಗಿ ಮುದ್ದೆ ಕಟ್ಟಿಸಿ ತಿನ್ನಿಸುವ ಮುದ್ದೆ ಮೇಸ್ತ್ರಿ, ಸಂಜೆ ಯಾವ ಆನೆ ಎಲ್ಲಿ ನಿಂತು ತಿನ್ನಬೇಕೆಂದು ಟ್ಯಾಬಿನ ನೋಟ್ಸ್ ಆ್ಯಪಿನಲ್ಲಿ ಆನೆಗೊಂದರಂತೆ ಚೌಕಗಳನ್ನು ಜೋಡಿಸಿದ್ದರು. ಬೆರಳನ್ನು ಪಂಚೆಗೆ ಒರೆಸಿಕೊಂಡೇ ಅದನ್ನು ಮುಟ್ಟುತ್ತಿದ್ದರು. ಈಚೆಗೆ ಸತ್ತ ಹೆಣ್ಣಾನೆಯೊಂದರ ಚೌಕವನ್ನು ಮೂಲೆಗೆ ಸರಿಸಿದರೆ, ಬೆಳಗಾಗುವಾಗ ಅದು ಮತ್ತೆ ಸಾಲಿನಲ್ಲಿರುತ್ತಿತ್ತು.

"ಇಟ್ಟದ್ದು ಇಟ್ಟಲ್ಲೇ ಇರ್ಬೇಕು ಸಾರ್. ಬೀಗ ಹಾಕೋ ಹಂಗೆ ಮಾಡಿ ಅಂತ ಆ್ಯಪ್ ಕಂಪನಿಗೆ ಬರೀರಿ," ಎಂದು ಶಿಬಿರದ ಕಚೇರಿಯಲ್ಲಿದ್ದ ನನ್ನಿಂದ ಬರೆಸಿದರು.

ಆ್ಯಪಿಗೆ ಬೀಗ ಬಂದ ಸಂಜೆ, ಆ ಚೌಕವನ್ನು ಮೂಲೆಗೆ ಸರಿಸಿಟ್ಟು, ಅವಳ ಖಾಲಿ ಜಾಗ ಮುಚ್ಚಿ ಆನೆಗಳನ್ನು ಒತ್ತಾಗಿ ನಿಲ್ಲಿಸಲು ಹೇಳಿದರು. ಮಾವುತರು ಎಷ್ಟು ಗದರಿದರೂ ಅವಳ ಅಕ್ಕಪಕ್ಕ ನಿಲ್ಲುತ್ತಿದ್ದ ಎರಡು ಆನೆಗಳು ನಡುವೆ ಒಂದು ಆನೆಯಷ್ಟು ಜಾಗ ಬಿಟ್ಟೇ ನಿಂತವು. ಒಂದು ಆನೆ ಅಲ್ಲಿಗೆ ಸೊಂಡಿಲು ಚಾಚಿ, ಯಾರದೋ ಬೆನ್ನು ಸವರುವಂತೆ ಗಾಳಿಯನ್ನು ಸವರಿತು.

ಮೇಸ್ತ್ರಿ ಬೆರಳು ಒರೆಸಿಕೊಂಡರು. ಸತ್ತವಳ ಚೌಕವನ್ನು ತಾವೇ ಸಾಲಿಗೆ ಎಳೆದು ಬೀಗ ಒತ್ತಿದರು.

"ಅಲ್ಲಿಗೂ ಒಂದು ಮುದ್ದೆ ಇಡ್ರಪ್ಪಾ."