ಉಗ್ರಾಣದಲ್ಲಿ ಜ್ವರಕ್ಕೆ ಕೂತ ರೂಟರ್

ಇವತ್ತು ಬೆಳಿಗ್ಗೆ ರೂಟರನ್ನು ನಡುಮನೆಯಿಂದ ಮಲಗುವ ಕೋಣೆಗೆ ಸಾಗಿಸಿದೆವು. ನಮ್ಮ ಯಜಮಾನರಿಗೆ ಮಂಚದ ಮೇಲೆ ಒರಗಿಕೊಂಡೇ ಕ್ರಿಕೆಟ್ ನೋಡಬೇಕು, ಅಲ್ಲಿಗೋ ಸಿಗ್ನಲ್ ತಲುಪುವುದಿಲ್ಲ. ಡಬ್ಬವನ್ನು ಎತ್ತಿಕೊಂಡರೆ ತಳ ಬೆಚ್ಚಗಿತ್ತು, ಕೋಳಿ ಆಗಷ್ಟೇ ಬಿಟ್ಟು ಎದ್ದ ಮೊಟ್ಟೆಯ ಹಾಗೆ. ಆ ಕಾವು ಅಂಗೈಗೆ ತಾಗಿದ್ದೇ ತಡ, ಮೊದಲು ನಾವಿದ್ದ ಅಕ್ಕೂರಿನ ಮನೆ ನೆನಪಾಯಿತು. ಅದರ ಹಿಂದೆಯೇ ನಮ್ಮತ್ತೆ.

ಅದು ನಮ್ಮ ಬೀದಿಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಹೊರಟ ಕಾಲ. ಇವರೂ ಹೊರಟರು. ನಾನು ಕಂಪ್ಯೂಟರ್ ಕಲಿತು ಚನ್ನಪಟ್ಟಣದ ಒಂದು ಪ್ರೆಸ್ಸಿಗೆ ಮದುವೆ ಪತ್ರಿಕೆ ಟೈಪ್ ಮಾಡಿ ಮೇಲ್ ಮಾಡುವ ಕೆಲಸ ಹಿಡಿದೆ. ಸುತ್ತಮುತ್ತ ಯಾವ ಹುಡುಗಿಗೆ ಯಾವತ್ತು ಧಾರೆ ಎಂಬುದು ಅವಳ ಸೋದರಮಾವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ನಗಬೇಡಿ, ನನ್ನದು ಎಂದು ಹೇಳಿಕೊಳ್ಳಲು ನನಗೆ ಸಿಕ್ಕ ಮೊದಲ ಕೆಲಸ ಅದು. ಅದಕ್ಕಾಗಿಯೇ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು.

ತೊಂದರೆ ಏನೆಂದರೆ, ನಮ್ಮ ನಡುಮನೆ ತಿಂಗಳಲ್ಲಿ ಅರ್ಧ ನಮ್ಮದಲ್ಲ, ಅತ್ತೆಯ ರೇಷ್ಮೆ ಹುಳುಗಳದ್ದು. ಎರಡನೇ ಜ್ವರ ಎದ್ದವೆಂದರೆ ನಾವು ಚಾಪೆ ಸುತ್ತಿಕೊಂಡು ಪಡಸಾಲೆಗೆ ಹೊರಡಬೇಕು. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ; ಪೊರೆ ಕಳಚಿ ಮೇವಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಎನ್ನುತ್ತಾರೆ. ಕೂತಾಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಅತ್ತೆ ಪಿಸುಮಾತಿಗೆ ಇಳಿಯುತ್ತಿದ್ದರು. ನನಗೆ ನಿಜವಾಗಿ ಜ್ವರ ಬಂದಾಗ ಆ ಮನೆಯಲ್ಲಿ ಅಷ್ಟು ನಿಶ್ಶಬ್ದವಿದ್ದದ್ದನ್ನು ನಾನು ಕಾಣೆ.

ಒಂದು ಸಲದ ರೇಷ್ಮೆ ಬೆಳೆಯಲ್ಲಿ ಅತ್ತೆಯ ಕಣ್ಣು ರೂಟರಿನ ಮೇಲೆ ಬಿತ್ತು.

“ಏನವ್ವ, ನಿನ್ ಡಬ್ಬ ಕಾವು ಬುಡ್ತೈತೆ. ಮೂರೊತ್ತೂ ಕಣ್ ಮಿಟುಕುಸ್ತೈತೆ. ನನ್ ಹುಳ ಸೊಪ್ಪು ಮೇಯ್ತವಾ, ಇಲ್ಲಾ ಅದರ ಮಕ ನೋಡ್ಕಂಡು ಕುಂತ್ಕತವಾ? ಉಗ್ರಾಣಕ್ಕೆ ಹಾಕು. ರಾಗಿ ಮೂಟೆಗೇನೂ ಆಗಾಕಿಲ್ಲ.”

ಕಂಪ್ಯೂಟರನ್ನು ಉಗ್ರಾಣಕ್ಕೆ ಹೊತ್ತೆ. ರೂಟರ್ ಕಿತ್ತು ಕೊಡಲು ಫೋನಿನ ಲೈನ್‌ಮನ್ ರಾಜಣ್ಣ ಬಂದ. ಅತ್ತೆ ಹೊಸಿಲಲ್ಲೇ ತಡೆದರು.

“ಬೀಡಿ ವಾಸ್ನೆ ಹೊಡೀತೀಯ. ಹುಳದ್ ಮನೆಗೆ ಕಾಲಿಕ್ಬ್ಯಾಡ ಕಣ್ಲಾ.”

ನಾನು ಆಗಷ್ಟೇ ಇಂಗಿನ ಒಗ್ಗರಣೆ ಹಾಕಿ ಬಂದಿದ್ದೆ, ನನಗೂ ಪ್ರವೇಶವಿಲ್ಲ. ಉಳಿದವರು ಅತ್ತೆ ಒಬ್ಬರೇ. ನಾವಿಬ್ಬರೂ ಕಿಟಕಿಯಾಚೆ ನಿಂತೆವು. ಅವರು ಕೈಕಾಲು ತೊಳೆದು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು.

“ಬೂದಿ ಬಣ್ಣದ್ ವೈರು ಕೀಳವ್ವ,” ಎಂದ ರಾಜಣ್ಣ.

“ಈ ಕೆಂಪುದಾ?”

“ಅಯ್ಯೋ, ಕೆಂಪುದ್ ಮುಟ್ಬ್ಯಾಡಿ!”

“ಮದ್ಲೇ ಯೋಳಾಕೇನ್ಲಾ ಬಂದಿತ್ತು ನಿಂಗೆ? ಕಿತ್ತಾಯ್ತು.”

ಹೇಗೋ ಡಬ್ಬ ಕಿಟಕಿ ದಾಟಿ ಹೊರಗೆ ಬಂತು. ರಾಜಣ್ಣ ಗೋಡೆಯ ಹೊರಗಿನಿಂದ ವೈರು ಎಳೆದು, ಉಗ್ರಾಣದಲ್ಲಿ ಸಿಕ್ಕಿಸಿ, “ಒಸಿ ಹೊತ್ತು ಬುಡಿ, ಬತ್ತೈತೆ,” ಎಂದು ಬೈಕ್ ಏರಿದ.

ಬರಲಿಲ್ಲ. ನೆಟ್ಟಗೆ ಉರಿಯಬೇಕಾದ ಹಸಿರು ದೀಪ ಮಿಟುಕುತ್ತಲೇ ಇತ್ತು. ಗಂಟೆ ಮೂರು. ಅಷ್ಟರಲ್ಲಿ ಪ್ರೆಸ್ಸಿನವರ ಫೋನು: “ಮೇಡಂ, ಪತ್ರಿಕೆ ಐದಕ್ಕೆ ಪ್ರಿಂಟಿಗೆ ಹಾಕ್ಬೇಕು. ನಿಮ್ ಕೈಲಿ ಆಗಲ್ಲ ಅಂದ್ರೆ ಯೋಳ್ಬುಡಿ, ಇಲ್ಲೇ ಒಬ್ಬರನ್ನ ನೋಡ್ಕತೀನಿ.” ಸ್ವಿಚ್ ಆರಿಸಿದೆ, ಹಾಕಿದೆ. ಅರ್ಧ ನಿಮಿಷ ಕಾದು ಮತ್ತೆ ಆರಿಸಿದೆ. ವೈರು ಬಿಚ್ಚಿ ಊದಿದೆ. ಕೊನೆಗೆ, ತೇಗು ಬರಿಸುವವಳ ಹಾಗೆ ಅದರ ಬೆನ್ನಿಗೆ ಎರಡು ತಟ್ಟಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಅದ್ಯಾಕವ್ವ ಅದ್ಕೆ ಹಂಗ್ ಹಿಂಸೆ ಕೊಡ್ತೀಯ? ಜಾಗ ಬದ್ಲಾಗೈತೆ. ಜ್ವರಕ್ಕೆ ಕುಂತೈತೆ.”

“ಅಯ್ಯೋ ಅತ್ತೆ, ಇದು ಹುಳ ಅಲ್ಲ, ಕರೆಂಟಿನ ಸಾಮಾನು!”

“ಯಾವ್ದಾದ್ರೇನು? ಕುಂತಿರೋದನ್ನ ಕೆಣಕಬಾರ್ದು. ಏಳು ಮ್ಯಾಕೆ.”

ರಟ್ಟೆ ಹಿಡಿದು ಹೊರಗೆಳೆದು, ಉಗ್ರಾಣದ ಚಿಲಕ ಹಾಕಿದರು. ನನ್ನ ಮುಂದೆ ಸೊಪ್ಪಿನ ರಾಶಿ ಸುರಿದರು. ಸೊಪ್ಪು ಕತ್ತರಿಸುತ್ತಾ ಗಡಿಯಾರ ನೋಡುತ್ತಾ ಕೂತೆ. ನನ್ನ ಮದುವೆಯ ದಿನವೂ ನಾನು ಅಷ್ಟು ಬೆವರಿರಲಿಲ್ಲ.

ನಾಲ್ಕೂವರೆಗೆ ಅತ್ತೆಯೇ ಸದ್ದಾಗದಂತೆ ಚಿಲಕ ತೆಗೆದು ಇಣುಕಿದರು. “ಎದ್ದೈತೆ.” ಹೌದು, ದೀಪ ನೆಟ್ಟಗೆ ನಿಂತಿತ್ತು! ಪ್ರತಿ ಸಲ ಆರಿಸಿದಾಗಲೂ ಅದು ಮೊದಲಿನಿಂದ ಲೈನ್ ಹುಡುಕಬೇಕು, ನಾನು ಅದಕ್ಕೆ ಉಸಿರಾಡಲೂ ಬಿಡುತ್ತಿರಲಿಲ್ಲ ಎಂದು ರಾಜಣ್ಣ ಆಮೇಲೆ ಹೇಳಿದ. ಇರಬಹುದು. ಆ ಕ್ಷಣಕ್ಕೆ ನನಗೆ ಅತ್ತೆಯೇ ಎಂಜಿನಿಯರ್.

ಪತ್ರಿಕೆ ಕಳಿಸಲು ಕೂತೆ. ಅತ್ತೆಯ ಕೈ ಹೆಗಲ ಮೇಲೆ ಬಂತು.

“ಈಗಿನ್ನೂ ಎದ್ದೈತೆ, ಒಸಿ ಒಸಿನೇ ಕೊಡು. ಒಂದೇ ಸಲ ಸುರಿದ್ರೆ ತಡ್ಕಣಾಕಿಲ್ಲ.”

ಎದುರಾಡುವ ಧೈರ್ಯ ಯಾರಿಗಿತ್ತು? ಮೊದಲು ಬರೀ ಹೆಸರುಗಳನ್ನು ಕಳಿಸಿದೆ. ಆಮೇಲೆ ಮುಹೂರ್ತ. ಭಾರವಾದ ಚಿತ್ರವನ್ನು ಕೊನೆಗೆ ಉಳಿಸಿಕೊಂಡೆ. ಐದಕ್ಕೆ ಐದು ನಿಮಿಷವಿರುವಾಗ ಪ್ರೆಸ್ಸಿನವರು ಫೋನ್ ಮಾಡಿದರು.

“ಎಲ್ಲಾ ಬಂತು ಮೇಡಂ. ಆದ್ರೆ ಎಲ್ಲರಿಗಿಂತ ಮದ್ಲು ಬರ್ಬೇಕಾದ ಗಣಪತಿನೇ ಯಾಕೆ ಲೇಟು?”

ಕೆಲಸ ಉಳಿಯಿತು. ಆಮೇಲೆ ಎಷ್ಟೋ ವರ್ಷ ಆ ಪ್ರೆಸ್ಸಿಗೆ ನಮ್ಮ ಮನೆಯ ಗಣಪತಿ ಕೊನೆಗೇ ಹೋಗುತ್ತಿದ್ದ.

ಇಷ್ಟೆಲ್ಲ ನೆನೆಸಿಕೊಳ್ಳುವಷ್ಟರಲ್ಲಿ ಕೋಣೆಯಲ್ಲಿ ರೂಟರಿನ ದೀಪ ನೆಟ್ಟಗೆ ನಿಂತಿತು. ಯಜಮಾನರು ದಿಂಬು ಸರಿಮಾಡಿಕೊಂಡು ಮೊಬೈಲಿಗೆ ಕೈ ಚಾಚಿದರು.

“ಮೊದಲು ಸ್ಕೋರ್ ಮಾತ್ರ ನೋಡಿ,” ಎಂದೆ. “ಮ್ಯಾಚು ಆಮೇಲೆ.”

ಯಾಕೆ ಎಂದು ಅವರು ಕೇಳಲಿಲ್ಲ. ಆ ತಾಯಿಯ ಮಗನಲ್ಲವೆ. ಹತ್ತು ನಿಮಿಷ ತೆಪ್ಪಗೆ ಬರೀ ಅಂಕಿ ನೋಡುತ್ತಾ ಕೂತರು.