ಗುಡಿಯ ಕತ್ತಿಯ ಬೆಸುಗೆ

ಸೆಯಿಜಿ ಜಪಾನಿನ ಒಸಾಫುನೆ ಊರಿನ ಕತ್ತಿ ಕಮ್ಮಾರರಾದ ಟೊಮಿಹಾರಾ ಮನೆಗೆ ಮನೆಅಳಿಯನಾಗಿ ಬಂದವನು. ಹೆಂಡತಿ ಫುಸಾಯೆಯ ಮನೆತನದ ಹೆಸರು ಹೊತ್ತ, ಕತ್ತಿಗಳಿಗೆ ಸಾಣೆ ಹಿಡಿದ, ಸಾಣೆಕಲ್ಲಿನ ಮುಂದೆಯೇ ಮುದುಕನಾದ. ಕುಲುಮೆ ಕೆಲಸ ಮಾತ್ರ ಅವನಿಗೆ ಒಲಿಯಲಿಲ್ಲ. ಅದು ಮಾವ ಗೆನ್‌ಪಾಚಿಯೊಂದಿಗೇ ಮುಗಿಯಿತು.

ಮಾವ ಸಾಯುವಾಗ ಒಂದು ಗುಟ್ಟು ಹೊರಿಸಿ ಹೋದ. ಅಳಿಯ ತನ್ನ ಹೆತ್ತವರನ್ನು ನೋಡಲು ಹೋಗಿದ್ದಾಗ, ರಿಪೇರಿಗೆ ಬಂದ ಊರ ಗುಡಿಯ ಪುರಾತನ ಕತ್ತಿಗೆ ಮಾವ ಮರಳಿ ಹದ ಹಾಕಲೆಂದು ಕಾಯಿಸಿ ನೀರಿಗಿಳಿಸಿದ್ದನಂತೆ. ಅಲಗು ಸೀಳಿಹೋಯಿತು. ಊರಿಗೆ ಮುಖ ತೋರಿಸುವುದು ಹೇಗೆ? ಹಳೇ ಕಮ್ಮಾರನ ಹೆಸರು ಕೆತ್ತಿದ್ದ, ಹಿಡಿಯೊಳಗೆ ಕೂರುವ ಬುಡವನ್ನಷ್ಟೇ ಉಳಿಸಿಕೊಂಡು, ಅದಕ್ಕೆ ತಾನು ಬಡಿದ ಅಲಗನ್ನು ಬೆಸೆದು ಒಪ್ಪಿಸಿಬಿಟ್ಟಿದ್ದ.

"ಫುಸಾಯೆಗೆ ಗೊತ್ತಿಲ್ಲ ಕಣಪ್ಪಾ. ಗೊತ್ತಾದ್ರೆ ಅಪ್ಪ ಅನ್ನೋ ಮಾತೇ ಅವಳ ಬಾಯಲ್ಲಿ ಬರಲ್ಲ" ಎಂದು ಅಳಿಯನ ಕೈ ಹಿಡಿದುಕೊಂಡಿದ್ದ.

ಪರೀಕ್ಷೆಗೆಂದು ಯಾವ ವಿದ್ವಾಂಸ ಬಂದರೂ ಸೆಯಿಜಿ, "ಕತ್ತಿಯ ವಯಸ್ಸು ಹೇಳೋ ಬುಡದ ತುಕ್ಕು ನಾವೇ ಮುಟ್ಟಲ್ಲ, ನೀವು ಅರ ಹಾಕ್ತೀರಾ?" ಎಂದು ಗದರಿಸಿ ಅಟ್ಟುತ್ತಿದ್ದ. ಊರು ಅದನ್ನು ಭಕ್ತಿ ಎಂದುಕೊಂಡಿತು. ಪಾಪ, ಅದು ಬರೀ ಹೆದರಿಕೆ.

ಈ ಸಲ ಬಂದ ಸಂಶೋಧಕಿ ಕುರೊಯಿವಾ ಅರ ತರಲಿಲ್ಲ. "ಒಂದು ಗೀರೂ ಬೀಳಲ್ಲ ಗುರುಗಳೇ. ನ್ಯೂಟ್ರಾನ್ ಕಿರಣ ಕಬ್ಬಿಣದೊಳಗೆ ಹಾದುಹೋಗುತ್ತೆ, ಒಳಗಿನ ಚಿತ್ರ ಬರುತ್ತೆ, ಅಷ್ಟೇ."

"ಇನ್ನೇನು ಅಡ್ಡಿ, ಟೊಮಿಹಾರಾ ಅವರೇ?" ಎಂದರು ಗುಡಿಯ ಅರ್ಚಕರು.

ಹಳೇ ನೆಪ ಕೈಕೊಟ್ಟಿತ್ತು. ಬೋನಿಗೆ ಬಿದ್ದ ಇಲಿಯಂತಾಗಿ, ತನ್ನ ಕೈಯಾರೆ ಕತ್ತಿಗೆ ಬಟ್ಟೆ ಸುತ್ತಿ ಕೊಟ್ಟ. ಅಲ್ಲಿಂದಾಚೆ ಅವನಿಗೆ ಊಟ ಸೇರಲಿಲ್ಲ.

ಫಲಿತಾಂಶ ಹಿಡಿದು ಕುರೊಯಿವಾ ಮನೆಗೇ ಬಂದಳು. ಫುಸಾಯೆ ಚಹಾ ಇಟ್ಟು ಗಂಡನ ಪಕ್ಕ ಕೂತಳು. ಕಂಪ್ಯೂಟರಿನ ಪರದೆಯಲ್ಲಿ, ಅಲಗು ಬುಡ ಸೇರುವಲ್ಲಿ, ಓರೆಗೆರೆಯೊಂದು ಎದ್ದು ಕಾಣುತ್ತಿತ್ತು.

"ಎರಡೂ ಬೇರೆ ಬೇರೆ ಕಬ್ಬಿಣ, ಗುರುಗಳೇ. ಅಲಗು ಈಚಿನದು. ಹಿಂದೆ ರಿಪೇರಿ ಆಗಿದ್ದು ಇದೇ ಮನೇಲಂತೆ, ಅಲ್ವಾ..."

ಸೆಯಿಜಿ ಹೆಂಡತಿಯ ಮುಖ ನೋಡಲಿಲ್ಲ. "ನಾನೇ ಮಾಡಿದ್ದು. ಮಾವನಿಗೆ ಗೊತ್ತಿರಲಿಲ್ಲ" ಎಂದು ಹಣೆ ಚಾಪೆಗೆ ತಾಗುವಂತೆ ಬಾಗಿದ.

ಫುಸಾಯೆ ಅವನ ಬೆನ್ನಿನ ಮೇಲೆ ಕೈಯಿಟ್ಟಳು. "ಏಳ್ರೀ ಮೇಲೆ. ಅಡುಗೆಮನೆ ಚಾಕು ಬೆಸೆಯೋಕೂ ಬರಲ್ಲ ನಿಮಗೆ." ಆಮೇಲೆ ಕುರೊಯಿವಾಳತ್ತ ತಿರುಗಿದಳು. "ಬೆಸೆದಿದ್ದು ನಮ್ಮಪ್ಪ. ತಿದಿ ಒತ್ತಿದ್ದು ನಾನು. 'ಗಂಡನಿಗೆ ಹೇಳಬೇಡ, ಮನೆಅಳಿಯ, ಬಿಟ್ಟು ಹೋಗ್ತಾನೆ' ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದ."

ಸೆಯಿಜಿ ನಿಧಾನವಾಗಿ ತಲೆ ಎತ್ತಿದ. ಸತ್ತ ಮಾವನ ಮೇಲೆ ಮೊದಲ ಸಲ ಅವನಿಗೆ ಕೋಪ ಉಕ್ಕಿತು.

"ನನ್ನ ಹತ್ರ, ನಿನಗೆ ಗೊತ್ತಿಲ್ಲ ಅಂದಿದ್ದ ಕಣೇ" ಎಂದ.