ನೋಡಬೇಕಾದ ಆರನೆಯದು

ಆ ಹಿನ್ನೀರಿನ ದಂಡೆಗೆ ಜನ ಬರುವುದೇ ಕೈಕಾಲು ಚಾಚಿ ಬಿದ್ದುಕೊಳ್ಳುವುದಕ್ಕೆ. ಬಂದವರ ಕೈಗೆ ಅತಿಥಿಗೃಹದವರು ಒಂದು ಬಣ್ಣದ ಕಾಗದ ಕೊಡುತ್ತಾರೆ. ಅದರಲ್ಲಿ ನೋಡಬೇಕಾದ ಏಳು ಸಂಗತಿಗಳ ಪಟ್ಟಿ. ಹಳೆಯ ದೀಪಸ್ತಂಭ, ಹಕ್ಕಿಗಳ ನಡುಗಡ್ಡೆ, ನೀರಿನೊಳಗೆ ಚಾಚಿಕೊಂಡ ಮರದ ಕಟ್ಟೆ ಎಲ್ಲ ಆದ ಮೇಲೆ ಆರನೆಯದು ಒಬ್ಬ ಮನುಷ್ಯ. ‘ಬಲೆ ಹೆಣೆಯುವ ತಾತ’ ಅಂತ ಅಚ್ಚು ಹಾಕಿಸಿದ್ದಾರೆ. ತಾತನಂತೆ, ತಾತ! ಅವನಿಗಿನ್ನೂ ನಲವತ್ತೊಂಬತ್ತು. ಮೊಮ್ಮಕ್ಕಳ ಮಾತು ಹಾಗಿರಲಿ, ಮಕ್ಕಳೇ ಆಗಲಿಲ್ಲ. ಗಡ್ಡ ತೆಗೆದರೆ ಹತ್ತು ವರ್ಷ ಚಿಕ್ಕವನಾಗಿ ಕಂಡಾನು. ಆದರೆ ತೆಗೆಯುವ ಹಾಗಿಲ್ಲ, ಅತಿಥಿಗೃಹದ ಯಜಮಾನಿಯ ಅಪ್ಪಣೆ. ಊರಿನವರು ಇನ್ನೂ ಸಲೀಸು ಮಾಡಿಕೊಂಡು ಅವನನ್ನು ಆರನೇ ನಂಬರು ಎಂದೇ ಕರೆಯುತ್ತಾರೆ.

ಸ್ವಂತ ದೋಣಿಯ ತಳ ಕೊಳೆತು ಮುಳುಗಿದ ವರ್ಷ, ‘ಒಂದು ಸೀಸನ್ನಿಗೆ’ ಅಂತ ಬಂದು ಕೂತವನು. ಅಡುಗೆಮನೆಯ ಹಿಂದೆ ಒಂದು ಕೋಣೆ ಸಿಕ್ಕಿತು, ಹೆಂಡತಿಗೆ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ನೋಡನೋಡುತ್ತ ಆರು ವರ್ಷ ಆಗಿಹೋಯಿತು. ಬೆಳಗ್ಗೆ ಒಂಬತ್ತಕ್ಕೆ ನೀರಿನ ಕಡೆ ಮುಖ ಮಾಡಿದ ಬೆತ್ತದ ಕುರ್ಚಿಯಲ್ಲಿ ಕೂರಬೇಕು, ತೊಡೆಯ ಮೇಲೆ ಬಲೆ ಹರಡಿಕೊಳ್ಳಬೇಕು, ಮರದ ಸೂಜಿ ಹಿಡಿದು ಅದರ ಹರಿದ ಕಣ್ಣುಗಳನ್ನು ಒಂದೊಂದಾಗಿ ಸೇರಿಸಬೇಕು. ಅವಸರ ಮಾಡುವಂತಿಲ್ಲ. ಒಮ್ಮೆ ಹಳೆಯ ಅಭ್ಯಾಸದಲ್ಲಿ ಸರಸರನೆ ಕೈ ಓಡಿಸಿದ್ದಕ್ಕೆ ಯಜಮಾನಿ ಓಡೋಡಿ ಬಂದಿದ್ದಳು.

“ಅಯ್ಯೋ, ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ನಿಮ್ಮನ್ನ? ನಿಧಾನ! ಅವರು ಇಷ್ಟು ದೂರ ಬಂದಿರೋದೇ ನಿಧಾನ ನೋಡೋಕೆ.”

ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ಬಲೆ ಇವತ್ತೇ ಮುಗಿದರೆ ನಾಳೆ ಬರುವವರಿಗೆ ಏನು ತೋರಿಸುವುದು? ಹಾಗಾಗಿ ಸಂಜೆ ಅತಿಥಿಗಳು ಚಹಾಕ್ಕೆ ಎದ್ದುಹೋದ ಮೇಲೆ, ಹಗಲೆಲ್ಲ ಹಾಕಿದ ಗಂಟುಗಳನ್ನು ಅವನೇ ಕೂತು ಬಿಚ್ಚಬೇಕು. ಮೊದಮೊದಲು ಕತ್ತರಿಸುತ್ತಿದ್ದ, ನೂಲು ದಂಡ ಎಂದು ಯಜಮಾನಿ ಗೊಣಗಿದಳು. ಆಮೇಲೆ ಕೊನೆಯ ಸುತ್ತು ಬಿಟ್ಟು ಅರ್ಧ ಗಂಟು ಹಾಕತೊಡಗಿದ. ನೋಡುವವರ ಕಣ್ಣಿಗೆ ಅದೂ ಗಂಟೇ. ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತಿತ್ತು. ಯಜಮಾನಿಗೂ ಖುಷಿ, ನೂಲೂ ಉಳಿಯಿತು.

“ಪುಣ್ಯವಂತರಪ್ಪ ನೀವು! ಒಂದು ಟೆನ್ಷನ್ನಿಲ್ಲ, ಓಡಾಟವಿಲ್ಲ,” ಎಂದು ಬಂದವರೆಲ್ಲ ಹೇಳುತ್ತಿದ್ದರು. ಅವನು ತಲೆಯಾಡಿಸಿ ನಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು? ನೀರು ಹತ್ತೇ ಹೆಜ್ಜೆ ದೂರ. ಆರು ವರ್ಷದಲ್ಲಿ ಒಂದು ದಿನವೂ ಅದರ ಮೇಲೆ ದೋಣಿ ಬಿಟ್ಟವನಲ್ಲ.

ಅಂಥದ್ದರಲ್ಲಿ ಹೆಂಡತಿಯ ತಮ್ಮ ದೂರದ ಬಂದರಿನಿಂದ ಫೋನ್ ಮಾಡಿದ.

“ಭಾವ, ದೊಡ್ಡ ದೋಣಿ ತಗೊಂಡೆ. ಪಾಲುದಾರ ಒಬ್ಬ ಇದ್ದಾನೆ. ಬಲೆಗಳನ್ನ ನೋಡ್ಕೊಳ್ಳೋಕೆ ಕೆಲಸ ಬಲ್ಲವರು ಬೇಕು. ಬೇರೆ ಯಾರನ್ನ ಕರೀಲಿ? ಅಕ್ಕನ್ನ ಕರ್ಕೊಂಡು ಬಂದ್ಬಿಡಿ, ನಮ್ಮನೆ ಮಹಡಿ ಖಾಲಿ ಇದೆ. ಸೋಮವಾರ ನಿಮಗೆ ರಜಾ ಅಲ್ವಾ? ಬಂದು ಒಂದು ಬಲೆ ಸರಿಮಾಡಿ. ಪಾಲುದಾರ ನಿಮ್ಮ ಕೈ ನೋಡ್ಬೇಕಂತೆ. ಸುಮ್ನೆ ಹೆಸರಿಗೆ, ಅಷ್ಟೇ.”

ಹೆಂಡತಿ ಸೋಪಿನ ಕೈಯಲ್ಲೇ ಓಡಿಬಂದಳು. “ರೀ, ಹೂಂ ಅಂದ್ಬಿಡಿ! ಕಂಡೋರ ಎಂಜಲು ತಟ್ಟೆ ಉಜ್ಜಿ ಉಜ್ಜಿ ನನ್ನ ಉಗುರೇ ಸವೆದುಹೋಯ್ತು.” ಭಾನುವಾರ ಸಂಜೆಯ ಹೊತ್ತಿಗೆ ಅರ್ಧ ಸಾಮಾನು ಮೂಟೆ ಸೇರಿತ್ತು. ಯಜಮಾನಿಗೆ ಹೇಗೆ ಹೇಳುವುದು ಎಂದು ಇಬ್ಬರೂ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಮವಾರ ಹತ್ತು ಗಂಟೆಗೆ ಅವನು ದೋಣಿಯ ಹಲಗೆಯ ಮೇಲೆ ಕೂತಿದ್ದ. ಮುಂದೆ ನಿಜವಾದ ಬಲೆ, ಬಾಗಿಲಷ್ಟು ಅಗಲ ಹರಿದದ್ದು. ‘ನಿಧಾನ’ ಅನ್ನುವವರು ಯಾರೂ ಇಲ್ಲ. ಅಬ್ಬಾ, ಏನು ವೇಗ! ಕೈ ತನ್ನಷ್ಟಕ್ಕೆ ಓಡಿತು. ಮಧ್ಯಾಹ್ನದ ಒಳಗೆ ಹರಕು ಮುಚ್ಚಿತು. ಪಾಲುದಾರ ಹುಬ್ಬೇರಿಸಿ, “ಭಲೇ!” ಎಂದ. ಭಾವಮೈದುನನ ಎದೆ ಉಬ್ಬಿತು. ಬಲೆಯನ್ನು ನೀರಿಗಿಳಿಸಿ, ತೂಕಕ್ಕೆ ಮರಳಿನ ಚೀಲ ಹಾಕಿ, ನಾಲ್ಕು ಜನ ಹಿಡಿದು ಎಳೆದರು.

ಹರಕು ಮುಚ್ಚಿದ ಜಾಗ ಆ ತುದಿಯಿಂದ ಈ ತುದಿಯವರೆಗೆ ಬಿಚ್ಚಿಕೊಂಡಿತು. ಚೀಲ ನೀರಿನ ಪಾಲಾಯಿತು.

“ನೂಲು ಸರಿಯಿಲ್ಲ,” ಎಂದ ಅವನು ತಕ್ಷಣ. ಆಮೇಲೆ ಬಗ್ಗಿ ನೋಡಿದ. ನೂಲಿಗೆ ಏನೂ ಆಗಿರಲಿಲ್ಲ. ಒಂದೇ ಒಂದು ಗಂಟಿಗೂ ಕೊನೆಯ ಸುತ್ತು ಬಿದ್ದಿರಲಿಲ್ಲ. “ಇರಿ, ಇರಿ, ಇನ್ನೊಂದ್ಸಲ,” ಎಂದು ಮತ್ತೆ ಸೂಜಿ ಹಿಡಿದ. ಬೆರಳುಗಳ ಮೇಲೇ ಕಣ್ಣಿಟ್ಟು ಹಾಕಿದ ಹತ್ತು ಗಂಟು ಸರಿಯಾಗಿ ಬಂದವು. ಸ್ವಲ್ಪ ವೇಗ ಬಂತೋ ಇಲ್ಲವೋ, ಹನ್ನೊಂದನೆಯದಕ್ಕೆ ಬೆರಳು ಕೊನೆಯ ಸುತ್ತನ್ನು ಬಿಟ್ಟು ಮುಂದೆ ಹೋಯಿತು. ಹನ್ನೆರಡನೆಯದಕ್ಕೂ ಬಿಟ್ಟಿತು. ಎಲ್ಲರೂ ನೋಡುತ್ತಿದ್ದರು. ಪಾಲುದಾರ ಎದ್ದು ಎಂಜಿನ್ ಕಡೆ ಹೋದ. ಭಾವಮೈದುನ ಮೆಲ್ಲಗೆ ಸೂಜಿಯನ್ನು ಅವನ ಕೈಯಿಂದ ತೆಗೆದುಕೊಂಡ.

“ಬಿಡಿ ಭಾವ, ಊಟ ಮಾಡೋಣ,” ಎಂದ. ಊಟದಲ್ಲಿ ಯಾರೂ ಬಲೆಯ ಸುದ್ದಿ ಎತ್ತಲಿಲ್ಲ. ಬಸ್ಸು ಹತ್ತಿಸುವಾಗ ಭಾವಮೈದುನ ಅವನ ಭುಜ ಹಿಡಿದು, ಬೇರೆಲ್ಲೋ ನೋಡುತ್ತ ಏನೇನೋ ಹೇಳಿದ.

ಕೋಣೆಗೆ ಬಂದಾಗ ಹೆಂಡತಿ ಮೂಟೆಯ ಬಾಯಿಗೆ ಹಗ್ಗ ಬಿಗಿಯುತ್ತಿದ್ದಳು. “ಯಾವತ್ತು ಬರೋಕೆ ಹೇಳಿದ?”

ಅವನು ಹಾಸಿಗೆಯ ಅಂಚಿಗೆ ಕೂತ.

“ರಜಾ ಇದ್ದಾಗ ಬರೋಕೆ ಹೇಳಿದ್ದಾನೆ, ನಿನ್ನನ್ನೂ ಕರ್ಕೊಂಡು. ದೋಣೀಲಿ ಒಂದು ಸುತ್ತು ಹಾಕಿಸ್ತಾನಂತೆ.”